ಕಾಗೆಯ ತಟ್ಟೆ, ರಕೂನಿನ ಬೋನು

ನಮ್ಮ ಸ್ಯಾನ್ ರಮೋನ್ ಮನೆಯ ಹಿತ್ತಲ ಕಟ್ಟೆಯ ಮೇಲೆ ಅಂಗೈಯಗಲದ ಒಂದು ಸ್ಟೀಲಿನ ತಟ್ಟೆಯಿದೆ. ಅಮ್ಮ ತೀರಿಕೊಂಡ ಮೇಲೆ ದಿನವೂ ಅದರಲ್ಲಿ ಒಂದು ತುತ್ತು ಅನ್ನ, ಮೇಲೊಂದು ತೊಟ್ಟು ತುಪ್ಪ ಹಾಕಿ ಕಾಗೆಗೆಂದು ಇಡುತ್ತಾ ಬಂದೆ. ಇಡಬೇಕಾದದ್ದು ನಡುಹಗಲಲ್ಲಿ, ನಾವು ಉಣ್ಣುವ ಮೊದಲು. ಆದರೆ ಆಫೀಸು, ಫ್ರೀವೇಯ ಟ್ರಾಫಿಕ್ಕು ಎರಡನ್ನೂ ದಾಟಿ ಬಂದು ನಮ್ಮಲ್ಲಿ ಕುಕ್ಕರು ಕೂಗುವುದೇ ಸಂಜೆ ಏಳಕ್ಕೆ, ಹಾಗಾಗಿ ಶಾಸ್ತ್ರವೂ ನನ್ನ ಹೊತ್ತಿಗೆ ಒಗ್ಗಿಕೊಂಡಿತು. ಬೆಳಗಾಗುವಷ್ಟರಲ್ಲಿ ತಟ್ಟೆ ತೊಳೆದಿಟ್ಟಂತೆ ಖಾಲಿ. ಅಮ್ಮನ ಕೊನೆಯ ದಿನಗಳಲ್ಲಿ ಅಣ್ಣ ಮೈಸೂರಿನಿಂದ ಫೋನು ಮಾಡಿ, "ಅಮ್ಮ ಏನೂ ತಿಂತಿಲ್ಲ ಕಣೇ, ನೀನು ಯಾವಾಗ ಬರ್ತೀಯ?" ಎಂದು ಕೇಳುತ್ತಿದ್ದ, ನಾನು ರಜೆ ಸಿಗುತ್ತಿಲ್ಲ ಎನ್ನುತ್ತಿದ್ದೆ. ಅಣ್ಣನ ಆ ಮಾತು ಕಿವಿಯಲ್ಲೇ ಉಳಿದಿದ್ದ ನನಗೆ ಖಾಲಿ ತಟ್ಟೆ ಎಂಥ ಸಮಾಧಾನವಾಗಿತ್ತೆಂದು ನೀವೇ ಊಹಿಸಿಕೊಳ್ಳಿ.

ಹೀಗಿರುವಾಗ ರಕೂನೊಂದು, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಂತಿರುವ ಆ ದಪ್ಪ ತುಪ್ಪಳದ ಪ್ರಾಣಿ, ನಮ್ಮ ಸೂರಿನ ಜಾಲರಿ ಕಿತ್ತು ಅಟ್ಟ ಸೇರಿತು. ಬೋನಿಡುವ ಮುದುಕನನ್ನು ಕರೆಸಿದೆವು. ಮೀನಿನ ಚೂರು, ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಸಿಹಿ, ಏನಿಟ್ಟರೂ ಐದು ದಿನ ಬೋನು ಖಾಲಿ. ಅವನ ತಂದೆ ಬೆಟ್ಟಗಳಲ್ಲಿ ತುಪ್ಪಳಕ್ಕಾಗಿ ಪ್ರಾಣಿ ಹಿಡಿಯುತ್ತಿದ್ದನಂತೆ. ಓಕ್ ಮರಗಳು ಕಾಯಿ ಸುರಿಸಿದ ವರ್ಷ ಬೋನುಗಳು ಬರಿದು, ಕಾಯಿ ಕೈಕೊಟ್ಟ ವರ್ಷ ಎಂಥ ಜಾಣ ಪ್ರಾಣಿಯೂ ತಾನಾಗಿ ತಲೆ ತೂರಿಸುತ್ತದೆ ಎಂದ. ಹಸಿವು ರುಚಿಯರಿಯದು, ನಿದ್ದೆ ಸುಖವರಿಯದು ಎನ್ನುತ್ತೇವಲ್ಲ, ಆ ಗಾದೆಯ ಮೊದಲರ್ಧದ ಮೇಲೆಯೇ ಅವನ ಕಸುಬು ನಿಂತಿದೆ. ಇಷ್ಟು ಹೇಳಿ ಅವನು ಹಿತ್ತಲು ಸುತ್ತಿದ, ತಟ್ಟೆಯ ಪಕ್ಕದ ಧೂಳಿನಲ್ಲಿ ಮಗುವಿನ ಕೈಯಂಥ ಗುರುತುಗಳನ್ನು ತೋರಿಸಿದ. ಮೊದಲು ಈ ಊಟ ನಿಲ್ಲಿಸಿ, ಹಸಿದರೆ ಮೂರೇ ದಿನದಲ್ಲಿ ಬೋನಿಗೆ ಬೀಳುತ್ತದೆ ಎಂದ.

"ಅಂದ್ರೆ ಇಷ್ಟು ದಿನ ನಿಮ್ಮಮ್ಮನ ಊಟ ಇವನೇ ಹೊಡೀತಿದ್ದ ಅನ್ನು!" ಎಂದು ನನ್ನ ಗಂಡ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಕಾಗೆ ಕತ್ತಲಲ್ಲಿ ಉಣ್ಣುವುದಿಲ್ಲವೆಂದು ಹಸುಗೂಸಿಗೂ ಗೊತ್ತು. ನನಗೂ ಗೊತ್ತಿತ್ತು, ಗೊತ್ತಿಲ್ಲದಂತಿದ್ದೆ.

ಬಿದ್ದ ಮೇಲೇನು ಎಂದು ಮುದುಕನನ್ನು ಕೇಳಬಾರದಿತ್ತು, ಕೇಳಿದೆ. ಬೇರೆ ಕಡೆಗೆ ಒಯ್ದು ಬಿಡಲು ಇಲ್ಲಿ ಕಾನೂನು ಒಪ್ಪುವುದಿಲ್ಲವಂತೆ. ಇಲ್ಲೇ ಬಿಡಬೇಕು, ಇಲ್ಲವೇ ಕೊಲ್ಲಬೇಕು. ಎರಡು ಸಂಜೆ ಅನ್ನ ನಿಲ್ಲಿಸಿದೆ. ಮೀಟಿಂಗಿನಲ್ಲಿ ಕೂತರೂ ಮನಸ್ಸು ಹಿತ್ತಲಲ್ಲೇ. ಮೂರನೆಯ ಬೆಳಗ್ಗೆ ಬೋನಿನ ಬಾಯಿಯವರೆಗೂ ಆ ಪುಟ್ಟ ಕೈಗುರುತುಗಳು ಬಂದಿದ್ದವು. ಅದನ್ನು ಅಲ್ಲಿಯವರೆಗೆ ಎಳೆದು ತಂದ ಹಸಿವು ನಾನೇ ಮಾಡಿದ್ದು, ಅಮ್ಮನ ಹೆಸರಿನ ತಟ್ಟೆಯನ್ನು ಬರಿದಾಗಿಸಿ.

ಅಂದು ಶನಿವಾರ. ನಡುಹಗಲಿಗೆ ಸರಿಯಾಗಿ ಅನ್ನವಿಟ್ಟೆ. ನಿಜವಾದ ಕಾಗೆಯೊಂದು ಬೇಲಿಯ ಮೇಲೆ ಕೂತಿತು, ನೋಡಿತು, ಮುಟ್ಟಲಿಲ್ಲ. ಹಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆಯೆಂದು ನಮ್ಮಲ್ಲಿ ಮನೆಮಂದಿ ಒಂದೊಂದೇ ಮಾತು ಕೊಡುತ್ತಾ ಹೋಗುವುದುಂಟಲ್ಲ? "ಅಮ್ಮ, ಬೋನು ತೆಗೆಸ್ತೀನಿ" ಎಂದೆ, ಪಕ್ಕದ ಮನೆಯವರು ಕೇಳಿಸಿಕೊಂಡರೂ ಚಿಂತೆಯಿಲ್ಲವೆಂದು ಗಟ್ಟಿಯಾಗಿಯೇ. ಕಾಗೆ ಹಾರಿಹೋಯಿತು.

ಆದರೂ ಕೊಟ್ಟ ಮಾತು ಮಾತೇ. ಬೋನು ಹೋಯಿತು, ಮುದುಕ ಅಟ್ಟ ಖಾಲಿಯಿರುವುದನ್ನು ನೋಡಿಕೊಂಡು ಜಾಲರಿ ಬಿಗಿದ. ಈಗ ಅನ್ನ ಶನಿವಾರದ ನಡುಹಗಲಿಗೆ ಮಾತ್ರ, ಉಳಿದರೆ ಕತ್ತಲಾಗುವ ಮೊದಲೇ ಒಳಗೆ. ನಾಲ್ಕು ವಾರ ಪೂರ್ತಿ ಉಳಿಯಿತು. ನಾಲ್ಕು ವಾರವೂ ಹೊಸ ಹೊಸ ಮಾತು ಕೊಟ್ಟೆ: ಅಣ್ಣನಿಗೆ ವಾರವಾರ ಫೋನು ಮಾಡುತ್ತೇನೆ, ಮಗಳಿಗೆ ಕನ್ನಡ ಓದಲು ಕಲಿಸುತ್ತೇನೆ. ಮಾತು ಕೊಡುವುದು ಸುಲಭ. ಹೇಳಬೇಕಾಗಿದ್ದುದು ಬೇರೆಯೇ ಇತ್ತು.

ಮೊನ್ನೆ ಶನಿವಾರ ತಟ್ಟೆಯ ಮುಂದೆ ನಿಂತು ಅದನ್ನೇ ಹೇಳಿದೆ: "ಅಮ್ಮ, ರಜೆ ಇತ್ತು. ಆದ್ರೂ ನಾನು ಬರಲಿಲ್ಲ." ಹೇಳಿ ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಕಾಗೆ ಉಂಡಿತೋ ಇಲ್ಲವೋ, ತಿರುಗಿ ನೋಡಲಿಲ್ಲ.