ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು

ಕಾನೂನು ಕಲಿಸುವವರು ನಮ್ಮ ಸೀಮೆಯಲ್ಲಿ ಅನೇಕರಿದ್ದಾರೆ. ಕಾನೂನು ಓದುವ ಮಕ್ಕಳನ್ನು ಚಿಂಚೋಳಿಯ ಕಾಡಂಚಿನಿಂದ ಶಹಾಬಾದಿನ ಫರಸಿ ಕಲ್ಲಿನ ಗಣಿಗಳ ತನಕ ಕರೆದೊಯ್ದು, ಬಡವರ ಅಂಗಳದಲ್ಲಿ ಚಾಪೆಯ ಮೇಲೆ ಕೂರಿಸಿ ಕಲಿಸಿದವರು ಪ್ರೊಫೆಸರ್ ವಾಸುದೇವರಾವ್ ಮಳಖೇಡಕರ ಅವರು. ಮೂವತ್ತೊಂದು ವರ್ಷ ಸೇಡಂನಲ್ಲಿ ಪಾಠ ಹೇಳಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರಿಗೆ ಈ ಅಭಿನಂದನ ಗ್ರಂಥ ಸಲ್ಲುತ್ತಿರುವುದು ಇಡೀ ಸೀಮೆಗೆ ಸಂಭ್ರಮದ ಸಂಗತಿ.

ಹಳ್ಳಿಗಳಿಗೆ ಹೋಗಿ ಬಡವರಿಗೆ ಉಚಿತವಾಗಿ ಅರ್ಜಿ ಬರೆದುಕೊಡುವ ಅವರ ಶನಿವಾರದ ಸೇವೆಗೆ ಮೊದಲ ವರ್ಷ ಬಂದವರು ನಾಲ್ಕೇ ವಿದ್ಯಾರ್ಥಿಗಳು. ಅಂಕವಿಲ್ಲ, ಪ್ರಮಾಣಪತ್ರವಿಲ್ಲ, ಬಸ್ಸಿನಲ್ಲಿ ನಿಂತುಕೊಂಡೇ ಹೋಗಬೇಕು. ಗಡಿಯ ಕುಂಚಾವರಂ ಜನರ ಕಷ್ಟ ಕೇಳಲೆಂದು ರಾಯರು ನಲವತ್ತು ದಾಟಿದ ಮೇಲೆ ತೆಲುಗು ಕಲಿತರು. ಇಂಗ್ಲಿಷಿಗೆ ಹೆದರಿ ಕಾಲೇಜು ಬಿಡಲು ಹೊರಟಿದ್ದ ದಿಲೀಪನೆಂಬ ವಿದ್ಯಾರ್ಥಿಯನ್ನು ತಡೆದು, "ನಿನ್ನ ಕನ್ನಡದಾಗೇ ವಾದ ಮಾಡಪ್ಪಾ, ಜಡ್ಜ್ ಆಗಿ ನಾ ಕೂಡ್ತೀನಿ" ಎಂದು ಒಂದು ವರ್ಷ ತಾವೇ ಎದುರಿಗೆ ಕುಳಿತು ಕೇಳಿದರು. ಆ ದಿಲೀಪರು ಇಂದು ಚಿಂಚೋಳಿಯಲ್ಲಿ ಹೆಸರಾಂತ ವಕೀಲರು.

ಈ ಸೇವೆಗೆ ಒಂದು ಕಟ್ಟಳೆಯಿದೆ. ಅದನ್ನು ಹಾಕಿಕೊಟ್ಟವರು ಅವರ ಧರ್ಮಪತ್ನಿ, ಈಗ ವಿಠ್ಠಲನ ಪಾದ ಸೇರಿರುವ ಸರಸ್ವತಿಬಾಯಿಯವರು. ಆ ತಾಯಿ ದಿನವೂ ಗುಡಿಯಲ್ಲಿ ಅಕ್ಷರ ಬಾರದ ಹೆಣ್ಣುಮಕ್ಕಳಿಗೆ ಪುರಾಣ ಓದಿ ಹೇಳುತ್ತಿದ್ದರು. ಮೊದಲ ವರ್ಷದಲ್ಲೊಮ್ಮೆ ಕೊಡ್ಲಿಯ ಹೆಣ್ಣುಮಗಳೊಬ್ಬಳ ಹೆಬ್ಬೆಟ್ಟಿದ್ದ ಅರ್ಜಿಯನ್ನು ವಾಸುದೇವರಾಯರು ಹೆಮ್ಮೆಯಿಂದ ಮನೆಗೆ ತಂದಾಗ, ಸರಸ್ವತಿಬಾಯಿಯವರು ಅದನ್ನು ನೋಡಿ ಕೇಳಿದರು:

"ಇದರಾಗ ಏನ್ ಬರ್ದದ ಅಂತ ಆಕಿಗಿ ಗೊತ್ತದೇನ್ರಿ?"

ರಾಯರು ಮುಂದಿನ ಶನಿವಾರ ಕೊಡ್ಲಿಗೆ ಮರಳಿ ಹೋಗಿ ಪೂರ್ತಿ ಓದಿ ಹೇಳಿ ಬಂದರು. ಅಂದಿನಿಂದ, ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಅವರ ವಿದ್ಯಾರ್ಥಿಗಳು ಒತ್ತಿಸಿಕೊಂಡಿಲ್ಲ.

ಎರಡು ವರ್ಷದ ಹಿಂದೆ ಸರಸ್ವತಿಬಾಯಿಯವರು ತೀರಿಕೊಂಡರು. ನಾಲ್ಕು ಶನಿವಾರ ವಿದ್ಯಾರ್ಥಿಗಳು ಬಸ್ ನಿಲ್ದಾಣದಲ್ಲಿ ಕಾದರು. ಐದನೆಯ ಶನಿವಾರ ರಾಯರು ಬಂದರು. ಎಂದಿನ ನಗೆ ಮುಖದಲ್ಲಿರಲಿಲ್ಲ. ಅಂದು ಹೊರಟದ್ದು ವಾಡಿಯ ಪಕ್ಕದ ರಾವೂರಿಗೆ.

ಅಲ್ಲಿ ಎಪ್ಪತ್ತು ದಾಟಿದ ಚಂದಮ್ಮನ ಅಳಲು ಒಂದೇ. ಸ್ಮಶಾನದ ದಾರಿಯ ಮೇಲೆ ಒಬ್ಬ ಗಣಿ ಮಾಲೀಕ ಕಲ್ಲುಮಣ್ಣಿನ ರಾಶಿ ಸುರಿಸಿದ್ದ. ಅಮಾವಾಸ್ಯೆಗೊಮ್ಮೆ ಗಂಡನ ಸಮಾಧಿಗೆ ಹೂವಿಟ್ಟು ಬರುತ್ತಿದ್ದವಳು ಅತ್ತ ಹೋಗಿ ವರ್ಷವಾಗಿತ್ತು. "ನಾ ಸತ್ತ ಮ್ಯಾಲ ಅವನ ಮಗ್ಗಲಿಗೇ ಹೋಗಬೇಕು. ಹ್ಯಾಂಗ ಒಯ್ತಾರ, ನೀವೇ ಹೇಳ್ರಿ" ಎನ್ನುತ್ತಿದ್ದಳು.

ಧನಶ್ರೀ ಎಂಬ ಎರಡನೆಯ ವರ್ಷದ ವಿದ್ಯಾರ್ಥಿನಿ ಮೂರು ದಿನ ಕುಳಿತು ಚೆಂದದ ಅರ್ಜಿ ಬರೆದಿದ್ದಳು. ರಾಯರೂ ಬಸ್ಸಿನಲ್ಲಿ ಕಣ್ಣಾಡಿಸಿ ಸರಿಯಿದೆ ಎಂದಿದ್ದರು. ಕಟ್ಟಳೆಯಂತೆ ಧನಶ್ರೀ ಓದತೊಡಗಿದಳು. "ಸ್ಮಶಾನಕ್ಕೆ ಹೊಸ ದಾರಿ ಮಾಡಿಕೊಡಬೇಕೆಂದು" ಎನ್ನುತ್ತಲೇ ಚಂದಮ್ಮ ಕೈ ಎತ್ತಿದಳು.

"ನಿಂದ್ರು ತಂಗಿ. ಹೊಸಾ ದಾರಿ ಯಾರ್ ಕೇಳ್ಯಾರ?"

"ದಾರಿ ಇಲ್ಲಲ್ಲ ಆಯಿ, ಅದಕ್ಕ..."

"ಇಲ್ಲಂತ ನಿನಗ ಯಾರ್ ಹೇಳ್ಯಾರ? ನಮ್ಮ ದಾರಿ ಅಲ್ಲೇ ಅದ, ಆ ಕಲ್ಲಿನ ಬುಡಕ. ಮನಷ್ಯಾ ಕೌದಿ ಹೊತಗೊಂಡು ಮಕ್ಕೊಂಡ್ರ ಮನ್ಯಾಗ ಇಲ್ಲಂತ ಬರೀತಿಯೇನು?"

ಅಂಗಳವೆಲ್ಲ ನಕ್ಕಿತು. ರಾಯರು ಮಾತ್ರ ನಗದೆ ಹಾಳೆಯನ್ನು ಕೈಗೆ ತೆಗೆದುಕೊಂಡರು. ಹೊಸ ದಾರಿ ಕೇಳುವುದೆಂದರೆ ಹಳೆಯ ದಾರಿ ಇರಲೇ ಇಲ್ಲವೆಂದು ತಾವೇ ಬರೆದುಕೊಟ್ಟಂತೆ! ಗಣಿಯವನಿಗೆ ಆ ಒಂದು ಸಾಲು ಸಾಕಿತ್ತು. ತಲೆ ತಗ್ಗಿಸಿದ ಧನಶ್ರೀಗೆ, "ನಾನೂ ಓದಿದ್ದೆನವ್ವಾ. ತಪ್ಪು ಇಬ್ಬರದು" ಎಂದು ಹಾಳೆಯನ್ನು ಹರಿದರು. ತಿಂಗಳ ಮೇಲೆ ಅವರ ಮುಖದಲ್ಲಿ ಕಳೆ ಬಂದದ್ದು ಆಗ. "ಆಯಿ, ದಾರಿ ಇತ್ತು ಅನ್ನೋದಕ್ಕ ಗುರುತೇನದ?"

"ನಡುದಾರ್ಯಾಗ ಚಟ್ಟ ಇಳಿಸೋ ಹಾಸುಗಲ್ಲು ಅದ ನೋಡ್ರಿ. ನಮ್ಮ ಅತ್ತಿ, ಮಾವ, ಗಂಡ, ಎಲ್ಲಾರನ್ನೂ ಅಲ್ಲೇ ಇಳಿಸಿ ಹೆಗಲು ಬದಲ್ ಮಾಡ್ಯಾರ."

ಇನ್ನು ಆ ಮಕ್ಕಳನ್ನು ಹಿಡಿಯುವವರಾರು! ಚಿತ್ತಾಪುರದ ಕಚೇರಿಗೆ ಅಲೆದು ನಿಜಾಮರ ಕಾಲದ ನಕಾಶೆಯ ನಕಲು ತಂದರು. ಎಲ್ಲ ಉರ್ದು; ಒಬ್ಬರಿಗೂ ಓದಲು ಬಾರದು. ವಾಡಿಯ ನಿವೃತ್ತ ಉರ್ದು ಮಾಸ್ತರ ಫಕೀರಸಾಬರ ಮನೆಗೆ ಓಡಿದರು.

"ವಕೀಲ ಆಗಲಾಕ ಹೊಂಟೀರಿ, ನಿಮ್ಮೂರ ಕಾಗದ ನಿಮಗೇ ಓದಲಾಕ ಬರಂಗಿಲ್ಲ! ಕುಂದ್ರಿ, ಮೊದಲ ಚಾ ಕುಡೀರಿ" ಎಂದು ಚುಚ್ಚುತ್ತಲೇ ಅವರು ಬೆರಳಾಡಿಸಿದರು. ಬೆರಳು ಒಂದೆಡೆ ನಿಂತಿತು. "ಇಲ್ಲಿ ನೋಡ್ರಿ, ಸ್ಮಶಾನಕ್ಕ ಹೋಗೋ ರಾಸ್ತಾ. ನಡುವ ಒಂದು ಕಲ್ಲಿನ ನಿಶಾನಿ."

ಹೊಸ ಅರ್ಜಿ ಸಿದ್ಧವಾಯಿತು, ಓದಿ ಹೇಳಿದ್ದಾಯಿತು, ಚಂದಮ್ಮ ಹೆಬ್ಬೆಟ್ಟು ಒತ್ತಿದಳು. ಸ್ಥಳ ತನಿಖೆಯ ದಿನ ಊರಿಗೆ ಊರೇ ನೆರೆದಿತ್ತು. ಸರ್ವೆಯವರು ನಕಾಶೆ ಹಿಡಿದು ಅಳೆಯುತ್ತ ರಾಶಿಯ ಅಂಚಿಗೆ ಬಂದು ನಿಂತರು. ವಿದ್ಯಾರ್ಥಿಗಳು ಸಲಿಕೆ ಹಿಡಿದರು. ಮೊಣಕಾಲುದ್ದ ತೆಗೆದರೂ ಬರೀ ಜಲ್ಲಿ. ಗಣಿಯ ಮುನೀಮ ನಗುತ್ತಿದ್ದ. ಅಷ್ಟರಲ್ಲಿ ಧನಶ್ರೀಯ ಸಲಿಕೆ ಠಣ್ಣೆಂದಿತು. ಕೈಯಿಂದಲೇ ಮಣ್ಣು ಸರಿಸಿದರೆ, ತಲೆಮಾರುಗಳ ಭಾರಕ್ಕೆ ನುಣುಪಾದ ಹಾಸುಗಲ್ಲು! ಎದ್ದ ಕೇಕೆಗೆ ಮರದ ಮೇಲಿನ ಹಕ್ಕಿಗಳೆಲ್ಲ ಹಾರಿದವು. ಚಂದಮ್ಮ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ತಿಂಗಳೊಳಗೆ ತಹಸೀಲ್ದಾರರ ಆದೇಶದಂತೆ ರಾಶಿ ತೆರವಾಯಿತು. ಅಮಾವಾಸ್ಯೆಯ ಬೆಳಿಗ್ಗೆ ಚಂದಮ್ಮ ಮುಂದೆ, ರಾಯರೂ ಮಕ್ಕಳೂ ಹಿಂದೆ. ಗಂಡನಿಗೆ ಹೂವಿಟ್ಟು ಆಕೆ ತಿರುಗಿ, ಸೆರಗಿನಲ್ಲಿ ಉಳಿದ ಹೂವನ್ನು ರಾಯರ ಮುಂದೆ ಹಿಡಿದಳು.

"ಮನಿಯವರಿಗಿ ಒಂದು ಇಡ್ರಿ ಸರ. ಜಾಗ ಯಾವುದಾದರೇನು."

ಕಾಗಿಣಾ ನದಿಯಲ್ಲಿ ಪತ್ನಿಯ ಅಸ್ಥಿ ಬಿಟ್ಟುಬಂದ ಮೇಲೆ ಹೂವಿಡಲು ಅವರಿಗೊಂದು ನೆಲವಿರಲಿಲ್ಲ. ಹಾಸುಗಲ್ಲಿನ ಮೇಲೆ ಹೂವಿಟ್ಟು ಕೈಮುಗಿದರು. ಅಂದಿನಿಂದ ಒಂದು ಶನಿವಾರವೂ ಅವರು ಸೇವೆ ತಪ್ಪಿಸಿಲ್ಲ.

ಕಳೆದ ವಾರ ಬೀಳ್ಕೊಡುಗೆಗೆ ಚಂದಮ್ಮನೂ ಬಂದಿದ್ದಳು. ಧನಶ್ರೀ ಮಾನಪತ್ರವನ್ನು ರಾಯರ ಕೈಗಿಡಲು ಹೋದಾಗ ಹಿಂದಿನ ಸಾಲಿನಿಂದ ದನಿ ಬಂತು: "ಏ ತಂಗಿ, ಮೊದಲ ಓದಿ ಹೇಳು!" ಸಭೆಯ ಚಪ್ಪಾಳೆಯ ನಡುವೆ ಧನಶ್ರೀ ಓದಿದಳು. "ಇನ್ನು ವಿಶ್ರಾಂತಿ ಪಡೆಯಲಿ" ಎಂಬಲ್ಲಿಗೆ ಬರುವಷ್ಟರಲ್ಲಿ ಚಂದಮ್ಮ ಎದ್ದೇ ನಿಂತಳು.

"ಅದು ಹೊಡದು ಹಾಕು. ನಮ್ಮ ಓಣಿ ನೀರಿನ ಅರ್ಜಿ ಬರಿಯೋದು ಇನ್ನಾ ಅದ!"

ರಾಯರು ನಗುತ್ತ ಪೆನ್ನು ತೆಗೆದು ಆ ಸಾಲನ್ನು ತಾವೇ ಹೊಡೆದುಹಾಕಿದರು. ಆಮೇಲೆಯೇ ಮಾನಪತ್ರ ಸ್ವೀಕರಿಸಿದರು.

ಆದ್ದರಿಂದ ಈ ಲೇಖನವೂ ವಿಶ್ರಾಂತಿಯನ್ನು ಹಾರೈಸದು. ವಿಠ್ಠಲನು ಅವರಿಗೆ ನೂರು ತುಂಬಿಸಲಿ. ಕಾಲಿಗೆ ಬಲವನ್ನೂ ಶನಿವಾರಕ್ಕೊಂದು ಬಸ್ಸನ್ನೂ ಕರುಣಿಸಲಿ. ಅಚ್ಚಿಗೆ ಹೋಗುವ ಮುನ್ನ ಇದನ್ನೂ ಅವರ ಮುಂದೆ ಓದಿ ಹೇಳಲಾಗುವುದು.