ಎಡಸಾಲಿನ ದೀಪ ಮತ್ತು ತೆಂಗಿನಕಾಯಿ

ಈ ದಿನ ಬೆಳಿಗ್ಗೆ ಚಟ್ನಿಗೆಂದು ಅಡುಗೆಕಟ್ಟೆಯ ಮೇಲೆ ಕಾಯಿ ಒಡೆದೆ. ನೀರು ಲೋಟಕ್ಕೆ ಬೀಳಬೇಕಿತ್ತು. ಮಿಕ್ಸಿಯ ಪ್ಲಗ್ಗಿಗೆ ಬಿತ್ತು. ಟಪ್ ಎಂದಿತು. ಫ್ಯಾನು, ಫ್ರಿಜ್ಜು, ಒಳಗೆ ಹೆಂಡತಿ ನೋಡುತ್ತಿದ್ದ ಟೀವಿ, ಎಲ್ಲವೂ ಒಟ್ಟಿಗೆ ಸುಮ್ಮನಾದವು. ಕೃಷ್ಣಮೂರ್ತಿಪುರಂನ ನಮ್ಮ ಮನೆ ಹಳೆಯದು. ಎಲ್ಲಕ್ಕೂ ಒಂದೇ ಫ್ಯೂಸು. ಕಾಯಿನೀರಿನ ವಾಸನೆಯ ಆ ಮೌನದಲ್ಲಿ ನನಗೆ ನೆನಪಾದವರು ನಾಗರತ್ನ.

ನಾಗರತ್ನ ಮತ್ತು ಅವರ ಗಂಡ ಪುಟ್ಟಸ್ವಾಮಿ ಒಂಟಿಕೊಪ್ಪಲಿನಲ್ಲಿ ಹವ್ಯಾಸಿ ನಾಟಕ ತಂಡ ನಡೆಸುತ್ತಿದ್ದರು. ಗಂಡ ನಿರ್ದೇಶಕ ಮತ್ತು ಮುಖ್ಯ ನಟ, ಹೆಂಡತಿಯದು ಬೆಳಕು. ಪತ್ರಿಕೆಗೆ ವರದಿ ಬರೆಯಲು ಹೋಗುತ್ತಿದ್ದ ನಾನು ಬೆಳಕಿನ ಮೇಜಿನ ಪಕ್ಕ ಕೂರುವುದನ್ನು ರೂಢಿಸಿಕೊಂಡಿದ್ದೆ. ವರದಿಗಾರನಿಗೆ ಒಳಸುದ್ದಿ ಬೇಕು ಎಂದು ಹೇಳಿಕೊಳ್ಳುತ್ತಿದ್ದೆ. ಕಾಫಿ ಮೊದಲು ಅಲ್ಲಿಗೇ ಬರುತ್ತಿತ್ತು ಎಂಬುದು ಖಚಿತ ಮಾಹಿತಿ.

ಒಂದು ವರ್ಷ ನಾಗರತ್ನ, ಬೆಳಕು ಏರಿಸಿ ಇಳಿಸುವ ಹಳೆಯ ಡಿಮ್ಮರ್ ಪೆಟ್ಟಿಗೆ ಬಿಟ್ಟು ಹೊಸ ವ್ಯವಸ್ಥೆ ತಂದರು. ಮೇಜಿನ ಮೇಲಿಂದ ಕೊಟ್ಟ ಆಜ್ಞೆ ನೆಟ್‌ವರ್ಕ್ ತಂತಿಯಲ್ಲಿ ವೇದಿಕೆಗೆ ಹೋಗುತ್ತದೆ. ಅಲ್ಲಿ ನೋಡ್ ಎಂಬ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಅದನ್ನು ದೀಪದ ಸಾಲುಗಳಿಗೆ ಹಂಚುತ್ತದೆ. ನೋಡ್‌ಗೆ ಕರೆಂಟೂ ಅದೇ ತಂತಿಯಲ್ಲಿ ಬರುತ್ತಿತ್ತು. ಹಿಂದೊಮ್ಮೆ ಪಂಚೆ ಇಸ್ತ್ರಿ ಮಾಡಲು ಯಾರೋ ಪ್ಲಗ್ಗು ಕಿತ್ತು ಒಂದಿಡೀ ದೃಶ್ಯವನ್ನು ಕತ್ತಲು ಮಾಡಿದ್ದರಿಂದ ಈ ಏರ್ಪಾಟು ಅವರಿಗೆ ಬಲು ಇಷ್ಟ: ಕೀಳಲು ಪಕ್ಕದಲ್ಲಿ ಪ್ಲಗ್ಗೇ ಇಲ್ಲ. ಇನ್ನೊಂದು ಹಟವೂ ಇತ್ತು. ಒಂದೊಂದು ಸಾಲಿನ ಕವಲೂ ನೋಡ್‌ನೊಳಗೇ ಬೇರೆಬೇರೆ ಇರಬೇಕು. ಒಂದು ಸಾಲು ಕೆಟ್ಟರೆ ಕೇಡು ಅಲ್ಲಿಗೇ ನಿಲ್ಲಬೇಕು.

"ಲೈಟುಗಳಿಗೂ ಪಾಲು ಮಾಡ್ಬುಟ್ಳು ನೋಡಿ ಸಾರ್," ಎಂದು ಹೊಸ ವ್ಯವಸ್ಥೆಯ ಮೊದಲ ಪ್ರದರ್ಶನದ ಸಂಜೆ ಪುಟ್ಟಸ್ವಾಮಿ ನನ್ನ ಬಳಿ ದೂರಿದರು. "ನಮ್ಮಪ್ಪನ ಕಾಲದಲ್ಲಿ ಒಂದೇ ಒಲೆ ಅಡುಗೇನ ಮನೆಮಂದಿಯೆಲ್ಲ ಉಣ್ತಿದ್ವಿ."

"ಒಬ್ರಿಗೆ ಭೇದಿ ಆದ್ರೆ ಮನೆಮಂದಿಯೆಲ್ಲ ಕೆರೆ ಕಡೆ ಓಡ್ತಿದ್ರಂತೆ. ಅತ್ತೆನೇ ಹೇಳವ್ರೆ," ಎಂದರು ನಾಗರತ್ನ, ತಲೆಯೆತ್ತದೆ.

"ಆಯ್ತು ಕಣೇ. ಇವತ್ತು ಲೈಟಿಂದ ಆಟ ನಿಂತ್ರೆ ನಾಳೆಯಿಂದ ಹಳೇ ಪೆಟ್ಟಿಗೆ. ನೀನು ಬಾಗಿಲಲ್ಲಿ ಟಿಕೆಟ್ ಹರಿ."

"ನಿಲ್ದೇ ಇದ್ರೆ?"

"ಇನ್ಮೇಲೆ ಲೈಟಿನ ವಿಷ್ಯಕ್ಕೆ ನಾನು ಬಾಯಿ ಹಾಕಲ್ಲ."

ಪುಟ್ಟಸ್ವಾಮಿ ಬಾಯಿ ಹಾಕದ ವಿಷಯ ಎಂಬುದೇ ಒಂದು ಸುದ್ದಿ. ನಾನು ಕಾಫಿ ಲೋಟ ಕೆಳಗಿಟ್ಟೆ.

ತೆರೆ ಏಳುವ ಮುಂಚೆ ರಂಗಪೂಜೆ. ತಂಡದ ರೂಢಿಯಂತೆ ವೇದಿಕೆಯ ಎಡಮೂಲೆಯಲ್ಲಿ ಪುಟ್ಟಸ್ವಾಮಿಯೇ ಕಾಯಿ ಒಡೆದರು. ನೀರು ಹಲಗೆಯ ಮೇಲೆ ಹರಿದು, ಎಡಸಾಲಿನ ದೀಪಗಳಿಗೆ ತಂತಿ ಕೂಡುವಲ್ಲಿಗೆ ಇಳಿಯಿತು. ಯಾರೂ ನೋಡಲಿಲ್ಲ, ಭಕ್ತಿಯಿಂದ ಎಲ್ಲರೂ ಕಣ್ಣು ಮುಚ್ಚಿದ್ದೆವು.

ಎರಡನೆಯ ದೃಶ್ಯದಲ್ಲಿ ಎಡಸಾಲು ಪಟಪಟ ಮಿನುಗಿ ಆರಿತು. ಮಗಳ ಮದುವೆಗೆ ಒಪ್ಪದ ಅಪ್ಪನ ಪಾತ್ರದಲ್ಲಿ ಪುಟ್ಟಸ್ವಾಮಿ ಸರಿಯಾಗಿ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾಗರತ್ನರ ಕೈ ಮೇಜಿನ ಮೇಲೆ ಹಾಗೇ ನಿಂತಿತು. ಉಳಿದ ಸಾಲುಗಳೂ ಹೋಗುತ್ತವೆಂದು ನಾನು ಕಾದೆ. ನಡುವಿನದು ಅಲುಗಲಿಲ್ಲ, ಬಲಗಡೆಯದೂ ಅಲುಗಲಿಲ್ಲ. ಅವರು ಉಸಿರು ಬಿಟ್ಟು ಬಲಗಡೆಯ ಬೆಳಕನ್ನು ನಿಧಾನವಾಗಿ ಏರಿಸಿದರು.

ಕತ್ತಲೊಳಗಿನಿಂದ ಗದರುತ್ತಿದ್ದ ದನಿ ತುಸು ತಡೆಯಿತು. ಆಮೇಲೆ ಅಪ್ಪ ಕುರ್ಚಿ ಎತ್ತಿಕೊಂಡು ವೇದಿಕೆ ದಾಟಿ ಬಂದ. "ಆ ಕಡೆ ಸೊಳ್ಳೆ ಕಣಮ್ಮ," ಎಂದು ಮಗಳಿಗೆ ಹೇಳಿ, ಬೆಳಕಿನಲ್ಲಿ ಕೂತು, ಸಿಟ್ಟನ್ನು ಬಿಟ್ಟಲ್ಲಿಂದ ಮುಂದುವರಿಸಿದ. ಸಭೆ ಚಪ್ಪಾಳೆ ತಟ್ಟಿತು.

ಆಟ ಮುಗಿದ ಮೇಲೆ ನಾಗರತ್ನ ಒದ್ದೆ ತಂತಿಯ ತುದಿಯನ್ನು ಗಂಡನ ಮೂಗಿಗೆ ಹಿಡಿದರು. ಪುಟ್ಟಸ್ವಾಮಿ ಮೂಸಿದರು. ಕಾಯಿನೀರಿನ ವಾಸನೆ.

"ನಾಗು, ಇನ್ಮೇಲೆ ಕಾಯಿ ಹೊರಗಡೆ ಮೆಟ್ಲಲ್ಲಿ ಒಡೆಯೋಣ."

"ಲೈಟಿನ ವಿಷ್ಯಕ್ಕೆ ಬಾಯಿ ಹಾಕಲ್ಲ ಅಂದ್ರಲ್ಲ?"

"ಇದು ಕಾಯಿ ವಿಷ್ಯ ಕಣೇ."

ಇವತ್ತು ಮನೆಗೆ ಬಂದ ಎಲೆಕ್ಟ್ರಿಷಿಯನ್‌ಗೆ ಅಡುಗೆಮನೆಗೆ ಬೇರೆ ಲೈನು ಎಳೆಯಲು ಹೇಳಿದೆ. "ಈ ವಯಸ್ಸಲ್ಲಿ ಪಾಲಾ?" ಎಂದಳು ಹೆಂಡತಿ. ಟೀವಿ ಮಾತ್ರ ನಿಲ್ಲದಿರಲಿ ಎಂದೂ ಸೇರಿಸಿದಳು. ನಾನು ಇನ್ನೊಂದು ಕಾಯಿ ಹಿಡಿದು, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಕಡೆ ನಡೆದೆ.