ಹೊಲಿಗೆ ಹೊರಗಿನ ಟೋಪಿ

ನಮ್ಮ ನಾಟಕ ತಂಡದಲ್ಲಿ ಎಲ್ಲರೂ ಮೇಷ್ಟ್ರು ಎಂದು ಕರೆಯುವ ಮನುಷ್ಯ ಯಾರಿಗೂ ಯಾವ ಪಾಠವನ್ನೂ ಹೇಳಿಕೊಟ್ಟವರಲ್ಲ. ಅವರು ವಿಗ್ ಮಾಡುತ್ತಾರೆ. ರಾಜನ ಗುಂಗುರು, ಮಂತ್ರಿಯ ನರೆ, ಖಳನಾಯಕನ ಕೆದರಿದ ಕೂದಲು ಎಲ್ಲವೂ ಅವರ ಕೈಯಲ್ಲಿ ಹುಟ್ಟಿ ನಮ್ಮ ತಲೆಯ ಮೇಲೆ ಬಂದು ಕೂರುತ್ತವೆ. "ಊರಿಗೆಲ್ಲ ಟೋಪಿ ಹಾಕಿ ಮರ್ಯಾದೆಯಿಂದ ಬದುಕಿರೋನು ನಾನೊಬ್ಬನೇ" ಎಂಬುದು ಅವರ ಖಾಯಂ ಮಾತು. ಹೊಸದಾಗಿ ಸೇರಿದವರು ನಗುತ್ತಾರೆ. ಹಳಬರು ನಗುವುದನ್ನು ಬಿಟ್ಟು ಕಾಲವಾಯಿತು.

ಅವರಿಗೆ ಒಂದೇ ನ್ಯಾಯಾಲಯ, ಪ್ರೇಕ್ಷಕರ ಮೂರನೇ ಸಾಲು. ಮೊದಲೆರಡು ಸಾಲಿನಲ್ಲಿ ಕೂರುವವರು ಬಿಟ್ಟಿ ಪಾಸಿನವರು, ಅವರಿಗೆ ಏನೂ ಕಾಣುವುದಿಲ್ಲ ಎಂಬುದು ಮೇಷ್ಟ್ರ ಅಭಿಪ್ರಾಯ. ಮೂರನೇ ಸಾಲಿನವನು ದುಡ್ಡು ಕೊಟ್ಟು ಬಂದವನು, ಅವನ ಕಣ್ಣಿಗೆ ವಿಗ್ ವಿಗ್ಗಿನಂತೆ ಕಾಣಬಾರದು. ಆದ್ದರಿಂದ ಹೊಲಿಗೆ, ಗಂಟು, ಪಟ್ಟಿ, ಬಲೆಯ ಅಂಚು ಎಲ್ಲವೂ ಒಳಗೆ ಹೋಗುತ್ತಿದ್ದವು. ಹೊರಗಿನಿಂದ ನೋಡಿದರೆ ಹುಟ್ಟುಕೂದಲು, ಒಳಗೆ ಕೈ ಹಾಕಿದರೆ ಪೊದೆ. ಹಗಲು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸಂಜೆ ರಾಜನಾಗುತ್ತಿದ್ದ ನಾನು, ಕತ್ತಿನ ಹಿಂದೆ ಕೆರೆದುಕೊಳ್ಳಬೇಕೆಂಬ ಒಂದೇ ಆಸೆಯನ್ನು ಅದುಮಿಟ್ಟುಕೊಂಡು ರಾಜ್ಯ ತ್ಯಾಗ ಮಾಡಿದ್ದೇನೆ. ಮುಖದಲ್ಲಿ ಎಂಥ ವೇದನೆ ಎಂದು ಜನ ಹೊಗಳಿದರು. ಕಡಿಯುತ್ತೆ ಎಂದು ದೂರಿದರೆ ಮೇಷ್ಟ್ರ ಉತ್ತರ ಸಿದ್ಧವಿತ್ತು: "ಮೂರನೇ ಸಾಲಿಗೆ ಕಡಿಯಲ್ಲವಲ್ಲ?"

ಅವರ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು. ರಂಗದ ಎಡಪಕ್ಕದ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು, ಸಣ್ಣ ಟಾರ್ಚಿನ ಬೆಳಕಿನಲ್ಲಿ, ಮಾತು ಮರೆತವರಿಗೆ ಪಿಸುದನಿಯಲ್ಲಿ ಮಾತು ಕೊಡುವುದು ಅವರ ಕೆಲಸ. ಮನೆಯಲ್ಲೂ ಅದೇ. ಮೇಷ್ಟ್ರು ತಮ್ಮ ಸಾಧನೆಯನ್ನು ವರ್ಣಿಸುತ್ತ ಒಂದು ಪದಕ್ಕೆ ತಡವರಿಸಿದರೆ, ಎಡಗಡೆಯಿಂದ ಆ ಪದ ಮೆಲ್ಲಗೆ ಬಂದು ಬಿಡುತ್ತಿತ್ತು. ಅಕ್ಕನ ಜಡೆ ಸ್ಟೂಲನ್ನೂ ದಾಟಿ ಇಳಿಯುವಷ್ಟು ಉದ್ದ. ಕೂರುವ ಮೊದಲು ಎಡಗೈಯಿಂದ ಅದನ್ನು ಹಿಂದಿನಿಂದ ಎತ್ತಿ ಮುಂದಕ್ಕೆ ಹಾಕಿಕೊಳ್ಳುತ್ತಿದ್ದರು. ಅಕ್ಕ ಜಡೆ ಎತ್ತಿದರು ಎಂದರೆ ನಾಟಕ ಶುರು, ಬೆಲ್ಲು ಹೊಡೆಯುವುದು ಸುಮ್ಮನೆ ಶಾಸ್ತ್ರಕ್ಕೆ.

ಆ ಜಡೆಯನ್ನು ಪ್ರತಿ ಭಾನುವಾರ ಬೆಳಿಗ್ಗೆ ಬಾಚುತ್ತಿದ್ದವರು ಮೇಷ್ಟ್ರು. ಹಿಂಬಾಗಿಲ ಮೆಟ್ಟಿಲ ಮೇಲೆ, ಕೆಳಗಿನದರಲ್ಲಿ ಅಕ್ಕ, ಮೇಲಿನದರಲ್ಲಿ ಇವರು. ಮದುವೆಯಾದ ಹೊಸದರಲ್ಲಿ ಕೂದಲಿನ ಸ್ವಭಾವ ತಿಳಿಯಲೆಂದು ಶುರು ಮಾಡಿದ್ದಂತೆ. "ಅದು ಅಧ್ಯಯನ ಕಣ್ರೀ" ಎನ್ನುತ್ತಿದ್ದರು. ಮೂವತ್ತು ವರ್ಷವಾದರೂ ಅಧ್ಯಯನ ಮುಗಿದಿರಲಿಲ್ಲ.

ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಕೀಮೋ ಕೊಡಬೇಕು, ಕೂದಲು ಹೋಗುತ್ತದೆ, ಆಮೇಲೆ ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದರು. ಉದುರುವ ತನಕ ಕಾಯುವುದು ಅಕ್ಕನ ಜಾಯಮಾನವಲ್ಲ. ತಾವೇ ಹೋಗಿ ಜಡೆ ಕತ್ತರಿಸಿಕೊಂಡು, ಹಳೆ ಪೇಪರಿನಲ್ಲಿ ಸುತ್ತಿ ತಂದು ಗಂಡನ ಕೈಗೆ ಕೊಟ್ಟರು. ಮೇಷ್ಟ್ರು ಬಹಳ ಹೊತ್ತು ಅದನ್ನು ಕೆಳಗಿಡಲಿಲ್ಲ. ಕೊನೆಗೆ, ಯಾರಿಗೂ ಗೊತ್ತಾಗದ ಹಾಗೆ ಮಾಡಿಕೊಡ್ತೀನಿ ನೋಡ್ತಾ ಇರು ಎಂದರು. ಬೇರೆ ಕೆಲಸವೆಲ್ಲ ಮೂಲೆಗೆ ಹೋಯಿತು. ನಮ್ಮ ಹೊಸ ನಾಟಕದ ಸೇನಾಪತಿ ಬೋಳುತಲೆಯಲ್ಲೇ ಯುದ್ಧಕ್ಕೆ ಹೋಗಬೇಕಾಯಿತು. ಮೇಷ್ಟ್ರು ತಮ್ಮ ವಿಗ್ ಅಂಗಡಿಯಲ್ಲಿ ಕೂತು, ಸಣ್ಣ ಕೊಕ್ಕೆಯಿಂದ ನಾಲ್ಕೈದು ಎಳೆಯಂತೆ ಹೆಂಡತಿಯ ಕೂದಲನ್ನು ಬಲೆಗೆ ಗಂಟು ಹಾಕುತ್ತ ಹೋದರು.

ಅಷ್ಟರಲ್ಲಿ ಉಳಿದಿದ್ದ ಕೂದಲು ದಿಂಬಿನ ಮೇಲೆ ಉದುರಿ ಮುಗಿದಿತ್ತು. ಅವತ್ತಿನಿಂದ ಅಕ್ಕ ತಲೆಯನ್ನು ಯಾರಿಗೂ ತೋರಿಸಲಿಲ್ಲ. ಗಂಡನಿಗೂ ಇಲ್ಲ. ಸ್ನಾನವಾದ ಮೇಲೂ ಬಾಗಿಲು ಮುಚ್ಚಿಯೇ ಇರುತ್ತಿತ್ತು, ಮಲಗುವಾಗ ಬಟ್ಟೆ ಸುತ್ತಿರುತ್ತಿತ್ತು. ಭಾನುವಾರ ಮೇಷ್ಟ್ರು ಮಾಮೂಲಿನಂತೆ ಮೇಲಿನ ಮೆಟ್ಟಿಲಲ್ಲಿ ಟೀ ಲೋಟ ಹಿಡಿದು ಕೂರುತ್ತಿದ್ದರು. ಕೆಳಗಿನ ಮೆಟ್ಟಿಲು ಖಾಲಿ. ಬಾಚಣಿಗೆ ಕಿಟಕಿಯಲ್ಲಿ ಬಿದ್ದಿರುತ್ತಿತ್ತು. ಕೂದಲು ಹೋದರೆ ಹೋಗಲಿ, ಆ ತಲೆಯ ಮೇಲೆ ಒಂದು ಸಲ ಕೈಯಿಟ್ಟರೆ ಸಾಕು ಅನ್ನಿಸುತ್ತಿತ್ತಂತೆ. ಹೇಗೆ ಕೇಳುವುದೆಂದು ಗೊತ್ತಾಗದೆ, ಇನ್ನಷ್ಟು ಮುತುವರ್ಜಿಯಿಂದ ವಿಗ್ಗಿಗೆ ಗಂಟು ಹಾಕುತ್ತಿದ್ದರು.

ವಿಗ್ ತಯಾರಾಯಿತು. ಅಕ್ಕ ಬಾಗಿಲು ಮುಚ್ಚಿಕೊಂಡು ತಾವೇ ಅದನ್ನು ತೊಟ್ಟು ಬಂದಾಗ, ಮೇಷ್ಟ್ರು ಅಡುಗೆಮನೆಯ ಬಾಗಿಲ ತನಕ ಹಿಂದೆ ಸರಿದು ನಿಂತರು. ಆ ಮನೆಯಲ್ಲಿ ಮೂರನೇ ಸಾಲು ಎಂದರೆ ಅದೇ. ಹೇಗಿದೆ ಎಂದು ಕೇಳಿದಾಗ ಅಕ್ಕ ಚೆನ್ನಾಗಿದೆ ಎಂದರು. ಅದು ನಿಜವೂ ಆಗಿತ್ತು. ಆರೋಗ್ಯ ವಿಚಾರಿಸಲು ಬಂದ ನೆಂಟರಿಷ್ಟರು ಆರೋಗ್ಯ ವಿಚಾರಿಸುವುದನ್ನೇ ಮರೆತು ಮೇಷ್ಟ್ರ ಕೈಚಳಕವನ್ನು ಕೊಂಡಾಡಿ ಟೀ ಕುಡಿದು ಹೋಗುತ್ತಿದ್ದರು. ಮೇಷ್ಟ್ರು ಹೆಂಡತಿಯನ್ನು ಭುಜ ಹಿಡಿದು ತಿರುಗಿಸಿ, ಹಿಂದಿನಿಂದಲೂ ನೋಡಿ, ಬೆಳಕಿಗೆ ನೋಡಿ ಎನ್ನುತ್ತಿದ್ದರು. ಕೂದಲಿಲ್ಲದ ತಲೆ ಅಳತೆಯಲ್ಲಿ ಸಣ್ಣದಾಗಿ ವಿಗ್ ಜಾರುತ್ತಿತ್ತು, ಅದಕ್ಕೆ ಕತ್ತಿನ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡಿದರು. ಅಕ್ಕ ಆಗಾಗ ತಲೆಯ ಮೇಲೆ ಅಂಗೈ ಒತ್ತಿ ಹಿಡಿದು, ಗಂಡ ಒಳಗೆ ಬಂದ ಕೂಡಲೇ ಕೈ ಕೆಳಗಿಳಿಸುವುದನ್ನು ಅವರೂ ಗಮನಿಸಿದ್ದರು. ವಿಗ್ ಬಿದ್ದೀತೆಂಬ ಭಯ ಎಂದುಕೊಂಡು, ನನ್ನ ಕೆಲಸ ಕಣೇ, ಬಿರುಗಾಳಿ ಬಂದರೂ ಅಲ್ಲಾಡಲ್ಲ ಎಂದು ಧೈರ್ಯ ಹೇಳಿದರು.

ಮುಂದಿನ ಕೀಮೋ ದಿನ ಆಸ್ಪತ್ರೆಯ ನರ್ಸು, ಡಾಕ್ಟರನ್ನೂ ಗದರಿಸಬಲ್ಲ ದಪ್ಪ ದನಿಯ ಹೆಂಗಸು, ತಲೆ ನೋಡಬೇಕು, ಅದನ್ನು ತೆಗೆಯಿರಿ ಎಂದರು. ಹೊರಗೆ ಹೋಗಿ ಟೀ ಕುಡಿದು ಬನ್ನಿ ಎಂದು ಅಕ್ಕ ಗಂಡನಿಗೆ ಹೇಳಿದರು. ಮೇಷ್ಟ್ರು ಹೋದಂತೆ ಮಾಡಿ ಪರದೆಯ ಅಂಚಿನಲ್ಲೇ ನಿಂತರು. ವಿಗ್ಗನ್ನು ಕೈಗೆತ್ತಿಕೊಂಡ ನರ್ಸಿನ ಬಾಯಿಂದ ಬರುವ ಹೊಗಳಿಕೆ ಕೇಳದೆ ಹೋಗುವಷ್ಟು ವೈರಾಗ್ಯ ಅವರಿಗೆ ಬಂದಿರಲಿಲ್ಲ.

ಹಾಗೆ ಅವರು ಮೊದಲ ಸಲ ಆ ತಲೆಯನ್ನು ನೋಡಿದರು. ಒಂದು ಕಿವಿಯಿಂದ ಕತ್ತಿನ ಹಿಂದೆ ಹಾದು ಇನ್ನೊಂದು ಕಿವಿಯ ತನಕ ಕೆಂಪು ಗೆರೆ. ಗೆರೆಯ ಮೇಲೆ ಎರಡು ಗಿಡ್ಡ, ಒಂದು ಉದ್ದ, ಎರಡು ಗಿಡ್ಡ, ಒಂದು ಉದ್ದ. ಯಾವ ಊರಿನ ಯಾವ ರಂಗಮಂದಿರದಲ್ಲಿ ಕಂಡರೂ ತಮ್ಮದೆಂದು ಗುರುತಿಸಬಹುದಾದ ಹೊಲಿಗೆಯ ಅಚ್ಚು. ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದಿತ್ತು.

"ಎಷ್ಟು ದಿನದಿಂದ ಉರೀತಿದೆ?" ಎಂದು ನರ್ಸು ಕೇಳಿದರು. ನರ್ಸು ವಿಗ್ಗಿನ ಒಳಗೆ ಬೆರಳಾಡಿಸಿ ಪರದೆಯ ಕಡೆ ತಿರುಗಿದರು. "ಇದನ್ನ ಯಾರು ಮಾಡಿಕೊಟ್ರು? ಗೋಣಿಚೀಲ ಹೊಲಿಯೋರಾ?"

ಮೇಷ್ಟ್ರು ಬಾಯಿ ತೆರೆದರು. ಇದು ಎಂದರು, ಅದು ಎಂದರು. ಮುಂದಿನ ಮಾತು ಬರಲಿಲ್ಲ. ಅಭ್ಯಾಸಬಲದಿಂದ ಎಡಗಡೆ ನೋಡಿದರು. ಅಕ್ಕ ನೆಲ ನೋಡುತ್ತ ಕೂತಿದ್ದರು.

ಡಾಕ್ಟರು ಬಂದು ನೋಡಿ, ಗಾಬರಿಯೇನಿಲ್ಲ ಎಂದು ಒಂದು ಕ್ರೀಮು ಬರೆದುಕೊಟ್ಟರು. ಮಾಡಬೇಕಾದ್ದನ್ನು ಹೇಳಿದ್ದು ನರ್ಸು, ಅದೂ ಮೇಷ್ಟ್ರ ಮುಖಕ್ಕೆ. ಇಷ್ಟು ವರ್ಷ ಕೂದಲ ನೆರಳಲ್ಲಿದ್ದ ಚರ್ಮ, ಈಗ ಹಸುಗೂಸಿನ ಚರ್ಮದ ಹಾಗೆ. ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಮೆದು ಸೋಪು ಸಾಕು. ಉಜ್ಜಬಾರದು, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಬೇಕು. ಘಮಘಮ ಎಣ್ಣೆ ಬೇಡ, ಬಿಸಿಲು ಬೇಡ, ಕೆರೆಯುವುದಂತೂ ಬೇಡವೇ ಬೇಡ. ದಿಂಬಿಗೆ, ತಲೆಗೆ ಹತ್ತಿಬಟ್ಟೆ. ಕೀವಾದರೆ, ಜ್ವರ ಬಂದರೆ ತಕ್ಷಣ ಫೋನ್ ಮಾಡಬೇಕು. ಈ ಸಾಮಾನು ಸದ್ಯಕ್ಕೆ ಕಪಾಟಿನಲ್ಲಿರಲಿ.

ಮನೆಗೆ ಬರುವ ದಾರಿಯಲ್ಲಿ ಮೇಷ್ಟ್ರು ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಹೇಗೆ ಹೇಳ್ಲಿ ರೀ? ನನ್ನದೇ ಕೂದಲು, ನನ್ನನ್ನೇ ಚುಚ್ಚುತ್ತೆ ಅಂತಾನಾ?" ಎಂದರು ಅಕ್ಕ. ಸ್ವಲ್ಪ ದೂರ ಹೋದ ಮೇಲೆ, "ಮೂರನೇ ಸಾಲಿಗೆ ಕಡೀತಿರಲಿಲ್ಲವಲ್ಲ" ಎಂದರು.

ಅವತ್ತು ಮೇಷ್ಟ್ರು ಅಂಗಡಿಗೆ ಹೋಗಲಿಲ್ಲ. ಒಗೆದೊಗೆದು ತೆಳ್ಳಗಾಗಿದ್ದ ತಮ್ಮ ಹಳೆಯ ಬನಿಯನ್ನೊಂದನ್ನು ಕತ್ತರಿಸಿ ಟೋಪಿ ಹೊಲಿದರು. ಹೊಲಿದು ನೋಡಿದರೆ ಹೊಲಿಗೆಯೆಲ್ಲ ಒಳಗೇ ಹೋಗಿತ್ತು, ಕೈ ತನ್ನ ಚಾಳಿ ಬಿಟ್ಟಿರಲಿಲ್ಲ. ಒಳಭಾಗವನ್ನು ಕೆನ್ನೆಗೆ ಉಜ್ಜಿಕೊಂಡರು. ಚುಚ್ಚಿತು. ಟೋಪಿಯನ್ನು ತಿರುವಿ ಹಾಕಿದರು. ನುಣುಪು ಒಳಗೆ, ಹೊಲಿಗೆ ಹೊರಗೆ. ದಾರದ ತುದಿಗಳು ನಾಲ್ಕೂ ಕಡೆ ಎದ್ದು ನಿಂತು, ಅಡುಗೆಮನೆಯ ಬಾಗಿಲಿನಿಂದ ನೋಡಿದರೆ ಹುಡುಗರು ಚಿಂದಿ ಸುತ್ತಿ ಮಾಡಿದ ಚೆಂಡಿನ ಹಾಗಿತ್ತು. ಮೂವತ್ತು ವರ್ಷದಲ್ಲಿ ಅಂಥ ಕುರೂಪಿ ವಸ್ತುವೊಂದು ಅವರ ಕೈಯಿಂದ ಬಂದಿರಲಿಲ್ಲ. ಅದನ್ನು ಕಿಟಕಿಯಲ್ಲಿ ಬಾಚಣಿಗೆಯ ಪಕ್ಕ ಇಟ್ಟು, ಹೇಗಿದೆ ಎಂದು ಕೇಳದೆ ಹೊರಗೆ ನಡೆದರು.

ವಾಪಸು ಬಂದಾಗ ಅಕ್ಕ ಅದನ್ನು ಹಾಕಿಕೊಂಡು ಪೇಪರು ಓದುತ್ತಿದ್ದರು. ಇದನ್ನು ನಮ್ಮ ತಂಡದವರಿಗೆ ತೋರಿಸಬೇಡಿ, ನಿಮ್ಮ ಮಾನ ಹೋಗುತ್ತೆ ಎಂದರಂತೆ. ನಾವೆಲ್ಲ ನೋಡಿದೆವು. ಮಾನ ಇನ್ನೂ ಸ್ವಲ್ಪ ಉಳಿದಿದೆ.

ಇಲ್ಲಿಯ ತನಕದ ಕತೆಯನ್ನು ಮೇಷ್ಟ್ರು ಗ್ರೀನ್ ರೂಮಿನಲ್ಲಿ ಹಲವು ಸಲ ಹೇಳಿದ್ದಾರೆ, ನರ್ಸಿನ ದಪ್ಪ ದನಿಯ ಸಮೇತ. ಮುಂದಿನದನ್ನು ಹೇಳಿದ್ದು ಒಂದೇ ಸಲ, ಅದೂ ನನ್ನ ತಲೆಯಿಂದ ರಾಜನ ವಿಗ್ ಬಿಚ್ಚುತ್ತ, ನನ್ನ ಮುಖ ನೋಡದೆ.

ಆ ಭಾನುವಾರ ಅವರು ಮೇಲಿನ ಮೆಟ್ಟಿಲಲ್ಲಿ ಕೂತಿದ್ದಾಗ ಅಕ್ಕ ಕ್ರೀಮಿನ ಟ್ಯೂಬು ಹಿಡಿದು ಬಂದು ನಿಂತರು. ಹಿಂದುಗಡೆ ನನಗೆ ಕೈ ಎಟುಕಲ್ಲ ಎಂದರು. ಎಟುಕುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಕೆಳಗಿನ ಮೆಟ್ಟಿಲಲ್ಲಿ ಕೂರುವ ಮೊದಲು ಅಕ್ಕನ ಎಡಗೈ ಕತ್ತಿನ ಹಿಂದೆ ಹೋಗಿ, ಏನನ್ನೋ ಎತ್ತಿ, ಭುಜದ ಮೇಲಿಂದ ಮುಂದಕ್ಕೆ ಹಾಕಿತು. ಕೈಯಲ್ಲಿ ಏನೂ ಇರಲಿಲ್ಲ. ಅದೇ ಹೊತ್ತಿಗೆ, ಜಡೆಗೆ ತಗುಲೀತೆಂದು ಮೇಷ್ಟ್ರು ಮೊಣಕಾಲನ್ನು ಪಕ್ಕಕ್ಕೆ ಸರಿಸಿ ಆಗಿತ್ತು. ಆಮೇಲೆ ಅಕ್ಕ ಕೂತು ಟೋಪಿ ತೆಗೆದರು.

ಮೇಷ್ಟ್ರು ಕ್ರೀಮನ್ನು ಬೆರಳ ತುದಿಯಲ್ಲಿ ಬೆಚ್ಚಗೆ ಮಾಡಿಕೊಂಡು, ತಮ್ಮ ಹೊಲಿಗೆಯ ಗುರುತಿನ ಮೇಲೆ ಒಂದೊಂದೇ ಚುಕ್ಕಿ ಇಡುತ್ತ ಹೋದರು.

"ಉರೀತಾ?"

"ಇಲ್ಲ."

"ನಿಜ ಹೇಳೇ."

"ಸ್ವಲ್ಪ. ಎಡಗಡೆ. ಕಿವಿ ಮೇಲೆ." ತುಸು ತಡೆದು, "ಅಲ್ಲಲ್ಲ, ಇನ್ನೂ ಹಿಂದೆ. ಹಾಂ, ಅಲ್ಲೇ."

ಕ್ರೀಮು ಆರಿತು. ಮೇಷ್ಟ್ರು ಕೈ ತೆಗೆಯಲಿಲ್ಲ. ಮುಗೀತಾ ಎಂದು ಅಕ್ಕ ಕೇಳಿದರು. ಇನ್ನೂ ಇಲ್ಲ ಎಂದು ಇವರು ಸುಳ್ಳು ಹೇಳಿದರು. ಅಕ್ಕ ಏಳಲಿಲ್ಲ.

"ಬಾಚಣಿಗೆ ಎಲ್ಲಿದೆ?" ಎಂದು ಕೇಳಿದರು ಅಕ್ಕ.

"ಕಿಟಕಿ ಹತ್ರ."

"ಅಲ್ಲೇ ಇರ್ಲಿ."